ಕ್ಲೌಡ್ ಕಡತ ಹೊರಗಿನವರಿಗೆ ಕಳುಹಿಸುವಾಗ ಬೀಗದ ಕೈ ಯಾರ ಬಳಿ?

ಬಳ್ಳಾರಿಯ ಜೀನ್ಸ್ ಉದ್ಯಮವನ್ನು ಹತ್ತಿರದಿಂದ ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇದೆ. ಇಲ್ಲಿ ಒಂದು ಪ್ಯಾಂಟು ಒಂದೇ ಸೂರಿನಡಿ ಸಿದ್ಧವಾಗುವುದು ಅಪರೂಪ. ಬಟ್ಟೆ ಕತ್ತರಿಸುವುದು ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ತೊಳೆದು ಬಣ್ಣ ಮಾಸಿಸುವುದು ಮತ್ತೊಂದು ಕಡೆ. ಹೊಲಿಗೆಯ ಕೆಲಸವನ್ನು ಮನೆಗೊಯ್ದು ಮಾಡುವ ಮಹಿಳೆಯರೂ ಇದ್ದಾರೆ. ಹೀಗಾಗಿ ಮಾದರಿಯ ಅಳತೆ ಪಟ್ಟಿ, ವಾಷಿಂಗ್ ಮಾದರಿಯ ಚಿತ್ರ, ದರಪಟ್ಟಿ ಇವೆಲ್ಲವೂ ದಿನನಿತ್ಯ ಸಂಸ್ಥೆಯ ಹೊಸ್ತಿಲು ದಾಟಲೇಬೇಕು. ಹೊರಗಿನವರೊಡನೆ ಮಾಹಿತಿ ಹಂಚಿಕೊಳ್ಳದೆ ಈ ಉದ್ಯಮ ಒಂದು ದಿನವೂ ನಡೆಯಲಾರದು.

ಸಿರುಗುಪ್ಪದ ಅಕ್ಕಿ ಗಿರಣಿಗಳ ಪರಿಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಬಳ್ಳಾರಿಯ ಲೆಕ್ಕಪರಿಶೋಧಕರಿಗೆ ಖಾತೆ ಪುಸ್ತಕ ತಲುಪಿಸಲು ಹಿಂದೆ ಗುಮಾಸ್ತನೊಬ್ಬ ಫೈಲು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ. ಕುರುಗೋಡಿನ ರೈತ ಬೆಳೆಸಾಲಕ್ಕಾಗಿ ಪಹಣಿ, ಆಧಾರ್, ಪಾಸ್‌ಬುಕ್ಕಿನ ನಕಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯುತ್ತಿದ್ದ. ಇಂದು ಆ ಕೆಲಸವನ್ನು ಕೊಂಡಿಯೊಂದು ಮಾಡುತ್ತಿದೆ. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಕಡತವನ್ನು ಲಗತ್ತಿಸಲು ಹೋದರೆ ಅದು ತಾನಾಗಿಯೇ ಗೂಗಲ್ ಡ್ರೈವ್‌ನ ಕೊಂಡಿಯಾಗಿ ಬದಲಾಗುತ್ತದೆ. ಅನೇಕರಿಗೆ ಕ್ಲೌಡ್‌ನ ಮೊದಲ ಪರಿಚಯವಾಗಿದ್ದು ಹೀಗೆ, ತಮಗೆ ಅರಿವಿಲ್ಲದೆಯೇ.

ಫೈಲು ಒಯ್ಯುತ್ತಿದ್ದ ಗುಮಾಸ್ತನಿಗೂ ಕೊಂಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಫೈಲನ್ನು ಯಾರ ಕೈಗೆ ಕೊಡಬೇಕೆಂಬುದು ಗುಮಾಸ್ತನಿಗೆ ಗೊತ್ತಿತ್ತು. ಕೊಂಡಿಗೆ ಅದನ್ನು ನಾವೇ ಹೇಳಬೇಕು.

ಮೂರು ಬಗೆಯ ಬಾಗಿಲು

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಇವುಗಳಲ್ಲಿ ಯಾವುದನ್ನೇ ಬಳಸಿದರೂ ಕಡತವನ್ನು ಹಂಚುವ ವಿಧಾನಗಳು ಸ್ಥೂಲವಾಗಿ ಮೂರು. ಮೊದಲನೆಯದು, ಹೆಸರಿಸಿದ ವ್ಯಕ್ತಿಗೆ ಮಾತ್ರ. ಅವರ ಇ-ಮೇಲ್ ವಿಳಾಸವನ್ನು ನಮೂದಿಸಿದರೆ ಆ ವಿಳಾಸದಲ್ಲಿ ಲಾಗಿನ್ ಆದವರಿಗಷ್ಟೇ ಕಡತ ತೆರೆದುಕೊಳ್ಳುತ್ತದೆ. ಎರಡನೆಯದು, ಒಂದೇ ಸಂಸ್ಥೆಯ ಖಾತೆಯುಳ್ಳವರಿಗೆಲ್ಲ. ಸಂಸ್ಥೆಯ ಹೆಸರಿನಲ್ಲಿ ಇ-ಮೇಲ್ ಖರೀದಿಸಿದ ಕಂಪನಿಗಳಿಗಷ್ಟೇ ಇದು ಅನ್ವಯ. ಮೂರನೆಯದು, ಕೊಂಡಿ ಸಿಕ್ಕ ಯಾರಿಗಾದರೂ. ಇಲ್ಲಿ ಹೆಸರೂ ಬೇಡ, ಲಾಗಿನ್ನೂ ಬೇಡ. ಕೊಂಡಿಯೇ ಬೀಗದ ಕೈ.

ಗೂಗಲ್ ಡ್ರೈವ್‌ನಲ್ಲಿ ಹೊಸದಾಗಿ ಸೇರಿಸಿದ ಕಡತ ಮೊದಲಿಗೆ ನಿರ್ಬಂಧಿತ ಸ್ಥಿತಿಯಲ್ಲಿಯೇ ಇರುತ್ತದೆ. ಬೀಗ ತೆಗೆಯುವವರು ನಾವೇ. ಅದು ನಡೆಯುವ ಬಗೆ ಸಾಮಾನ್ಯವಾಗಿ ಹೀಗೆ: ಕೊಂಡಿ ಕಳುಹಿಸಿದ ಐದು ನಿಮಿಷಕ್ಕೆ ಆ ಕಡೆಯಿಂದ ದೂರವಾಣಿ ಕರೆ ಬರುತ್ತದೆ, “ಸಾರ್, ಅನುಮತಿ ಕೇಳ್ತಾ ಇದೆ, ಓಪನ್ ಆಗ್ತಿಲ್ಲ.” ಅವರು ಯಾವ ಇ-ಮೇಲ್ ಬಳಸುತ್ತಾರೆಂದು ವಿಚಾರಿಸಿ ಸೇರಿಸುವಷ್ಟು ವ್ಯವಧಾನ ಇರುವುದಿಲ್ಲ. ‘ಲಿಂಕ್ ಹೊಂದಿರುವ ಯಾರಾದರೂ’ ಎಂಬ ಆಯ್ಕೆಯನ್ನು ಒತ್ತಿದರೆ ತಕ್ಷಣ ಕೆಲಸವಾಗುತ್ತದೆ. ಕೆಲಸವಾದ ಮೇಲೆ ಅದನ್ನು ಮತ್ತೆ ಮುಚ್ಚಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ.

ಈ ಮರೆವಿನ ಬೆಲೆ ಎಷ್ಟೆಂಬುದಕ್ಕೆ ಜಪಾನಿನ ಉದಾಹರಣೆ ಸಾಕು. ಮೊಬೈಲ್ ಆಟಗಳನ್ನು ತಯಾರಿಸುವ ಏಟೀಮ್ ಎಂಬ ಸಂಸ್ಥೆ 2017ರಲ್ಲಿ ಗೂಗಲ್ ಡ್ರೈವ್‌ನ ಕೆಲವು ಕಡತಗಳನ್ನು ಕೊಂಡಿ ಉಳ್ಳ ಯಾರಾದರೂ ನೋಡಬಹುದಾದ ಸ್ಥಿತಿಯಲ್ಲಿ ಇರಿಸಿತು. ಅದು ಬೆಳಕಿಗೆ ಬಂದದ್ದು 2023ರ ನವೆಂಬರ್‌ನಲ್ಲಿ. ಆರು ವರ್ಷಕ್ಕೂ ಮಿಗಿಲಾಗಿ ತೆರೆದೇ ಇದ್ದ ಆ ಕಡತಗಳಲ್ಲಿ ಗ್ರಾಹಕರು, ಉದ್ಯೋಗಿಗಳು, ಕೆಲಸಕ್ಕೆ ಅರ್ಜಿ ಹಾಕಿದವರು ಸೇರಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ವಿವರಗಳಿದ್ದವು. ಯಾರೂ ಗೋಡೆ ಒಡೆದು ಒಳಗೆ ಬಂದಿರಲಿಲ್ಲ. ಬಾಗಿಲು ಹಾಕಿರಲಿಲ್ಲ, ಅಷ್ಟೆ.

ಕೊಂಡಿಯಲ್ಲಿ ಅಷ್ಟುದ್ದದ ಅಕ್ಷರಮಾಲೆ ಇರುವಾಗ ಅದನ್ನು ಯಾರು ತಾನೇ ಊಹಿಸಬಲ್ಲರು ಎಂಬ ಪ್ರಶ್ನೆ ಏಳುವುದು ಸಹಜ. ಊಹಿಸುವ ಅಗತ್ಯವೇ ಇಲ್ಲ. ಕೊಂಡಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ವಾಟ್ಸ್‌ಆಪ್ ಗುಂಪಿಗೆ ಹೋಗುತ್ತದೆ, ಬ್ರೌಸರಿನ ಇತಿಹಾಸದಲ್ಲಿ ಉಳಿಯುತ್ತದೆ. ಇನ್ನೂ ಸೂಕ್ಷ್ಮವಾದ ದಾರಿಗಳಿವೆ. ಹಂಚಿಕೊಂಡ ದಾಖಲೆಯೊಳಗೆ ಬೇರೊಂದು ಜಾಲತಾಣದ ಕೊಂಡಿ ಇದ್ದು, ಓದುಗ ಅದನ್ನು ಒತ್ತಿದರೆ, ಆತ ಎಲ್ಲಿಂದ ಬಂದನೆಂಬ ವಿಳಾಸ ಆ ಜಾಲತಾಣಕ್ಕೆ ತಿಳಿಯುವಂತಿತ್ತು. ಡ್ರಾಪ್‌ಬಾಕ್ಸ್ 2014ರ ಮೇ ತಿಂಗಳಲ್ಲಿ ಈ ದೋಷವನ್ನು ಒಪ್ಪಿಕೊಂಡು ಸರಿಪಡಿಸಬೇಕಾಯಿತು.

ಫೋಲ್ಡರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದು ಫೋಲ್ಡರನ್ನು ಹಂಚಿಕೊಂಡರೆ ಇಂದು ಅದರಲ್ಲಿರುವ ಕಡತಗಳು ಮಾತ್ರವಲ್ಲ, ನಾಳೆ ಸೇರಿಸುವ ಕಡತಗಳೂ ಸಾಮಾನ್ಯವಾಗಿ ಅದೇ ಅನುಮತಿಗೆ ಒಳಪಡುತ್ತವೆ. ಮುಂಡರಗಿ ಕೈಗಾರಿಕಾ ಪ್ರದೇಶದ ಒಂದು ಘಟಕ ತನ್ನ ‘ಮಾದರಿಗಳು’ ಎಂಬ ಫೋಲ್ಡರನ್ನು ವಾಷಿಂಗ್ ಘಟಕಕ್ಕೆ ತೆರೆದಿಟ್ಟಿದೆ ಎಂದು ಭಾವಿಸೋಣ. ಮೂರು ತಿಂಗಳ ನಂತರ ಹಬ್ಬದ ಹಂಗಾಮಿನ ಹೊಸ ವಿನ್ಯಾಸವನ್ನೂ, ವ್ಯಾಪಾರಿಗೆ ಕೊಟ್ಟ ದರವನ್ನೂ ಯಾರೋ ಅದೇ ಫೋಲ್ಡರಿಗೆ ಹಾಕಿದರೆ ವಾಷಿಂಗ್ ಘಟಕಕ್ಕೂ ಅದು ಕಾಣಿಸುತ್ತದೆ. ಆ ಘಟಕ ಪ್ರತಿಸ್ಪರ್ಧಿಯ ಬಟ್ಟೆಯನ್ನೂ ತೊಳೆಯುತ್ತದೆ ಎಂಬುದನ್ನು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಪ್ರತಿಯೊಬ್ಬರಿಗೂ ಪ್ರತ್ಯೇಕ ಫೋಲ್ಡರ್ ಮಾಡಿ, ಕಳುಹಿಸಬೇಕಾದದ್ದನ್ನು ಮಾತ್ರ ನಕಲು ಮಾಡಿ ಅದರಲ್ಲಿರಿಸುವುದೇ ಲೇಸು. ಸ್ವಲ್ಪ ಹೆಚ್ಚಿನ ಕೆಲಸ, ನಿಜ.

ಬೆರಳಚ್ಚು ಹೊರಗೆ ಬಿದ್ದಾಗ

ವಿನ್ಯಾಸ ಸೋರಿಹೋದರೆ ಮಾಲೀಕನಿಗೆ ನಷ್ಟ. ಅದಕ್ಕಿಂತ ಗಂಭೀರವಾದದ್ದು ಇತರರ ಗುರುತಿನ ದಾಖಲೆಗಳ ವಿಷಯ. ಹೊಲಿಗೆ ಕೆಲಸದವರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಭವಿಷ್ಯ ನಿಧಿಯ ಪಟ್ಟಿ, ಗಿರಣಿಗೆ ಭತ್ತ ಕೊಟ್ಟ ರೈತರ ಖಾತೆ ಸಂಖ್ಯೆ: ಇವೆಲ್ಲ ಲೆಕ್ಕಪರಿಶೋಧಕರಿಗೆ, ಬ್ಯಾಂಕಿಗೆ, ಗುತ್ತಿಗೆದಾರರಿಗೆ ಹೋಗುತ್ತಿರುತ್ತವೆ. ಅವು ಯಾರವೋ ಅವರಿಗೆ ಅದು ತಿಳಿದೇ ಇರುವುದಿಲ್ಲ.

2023ರಲ್ಲಿ ನಮ್ಮ ರಾಜ್ಯದಲ್ಲಿಯೇ ನಡೆದ ಪ್ರಕರಣಗಳನ್ನು ಇಲ್ಲಿ ನೆನೆಯಬೇಕು. ಆಸ್ತಿ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಯಿಂದ, ಒಟಿಪಿ ಬಾರದೆ, ಕರೆಯೂ ಬಾರದೆ, ಹಣ ಮಾಯವಾಗತೊಡಗಿತು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಪತ್ರಗಳ ನಕಲಿನಲ್ಲಿ ಪಕ್ಷಕಾರರ ಹೆಬ್ಬೆರಳಿನ ಗುರುತೂ ಆಧಾರ್ ಸಂಖ್ಯೆಯೂ ಒಟ್ಟಿಗೆ ಇರುತ್ತಿದ್ದವು. ಅಂತಹ ಪ್ರತಿಗಳಿಂದ ಬೆರಳಚ್ಚನ್ನು ತೆಗೆದು ಕೃತಕ ಅಚ್ಚು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ವಂಚಕರು ಹಣ ಸೆಳೆದರು. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಕೈಯಲ್ಲಿ ಹಿಡಿದು ಬರುವ ಸಣ್ಣ ಯಂತ್ರದ ವ್ಯವಸ್ಥೆಯೇ ಇದು. ಬೆರಳು ಇಟ್ಟರೆ ಸಾಕು, ಒಟಿಪಿ ಕೇಳುವುದಿಲ್ಲ. ಬಳಿಕ ಕಂದಾಯ ಇಲಾಖೆ ಜಾಲತಾಣದಿಂದ ದೊರೆಯುವ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಕೈಗೊಂಡಿತು.

ಆದರೆ ಅದಕ್ಕೂ ಮುನ್ನ ಪಡೆದ ಪ್ರತಿಗಳು ಎಲ್ಲಿವೆ? ಬ್ಯಾಂಕಿನ ಕಡತದಲ್ಲಿ, ವಕೀಲರ ಗಣಕಯಂತ್ರದಲ್ಲಿ, ನಮ್ಮ ನಿಮ್ಮ ಡ್ರೈವ್‌ನಲ್ಲಿ. ಸಾಲಕ್ಕಾಗಿ ಕ್ರಯಪತ್ರವನ್ನು ಸ್ಕ್ಯಾನ್ ಮಾಡಿ ತೆರೆದ ಕೊಂಡಿಯಲ್ಲಿ ಕಳುಹಿಸಿದವರು ಇಂದೇ ಆ ಕೊಂಡಿಯನ್ನು ಮುಚ್ಚುವುದು ಉಚಿತ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲಾಗದು. ಎಂ-ಆಧಾರ್ ಆಪ್‌ನಲ್ಲಿ ಅಥವಾ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಬೀಗ ಹಾಕುವ ಸೌಲಭ್ಯವಿದೆ. ಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು.

ಆಧಾರ್ ಪ್ರತಿಯ ಬಗ್ಗೆ 2022ರಲ್ಲಿ ನಡೆದ ಒಂದು ಪ್ರಸಂಗವೂ ಸ್ವಾರಸ್ಯಕರ. ಆ ವರ್ಷದ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್‌ನ ನಕಲನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಡಿದ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನಗಳಲ್ಲಿ, ತಪ್ಪು ಅರ್ಥಕ್ಕೆ ಎಡೆಯಾದೀತೆಂದು ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ಪ್ರಕಟಣೆ ಹೋಯಿತು, ಮರೆಮಾಡಿದ ಆಧಾರ್ ಉಳಿಯಿತು. ಇಂದಿಗೂ ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಪೂರ್ಣ ಸಂಖ್ಯೆಯ ಅಗತ್ಯವಿಲ್ಲದ ಕಡೆಗೆ ಅದನ್ನೇ ಕಳುಹಿಸುವುದು ಉತ್ತಮ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ ಸೇರಿದರೆ ಆ ಪಾಸ್‌ವರ್ಡ್ ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಜೆರಾಕ್ಸ್ ಅಂಗಡಿಯ ಗಣಕಯಂತ್ರ

ಕ್ಲೌಡ್ ಭದ್ರತೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮರೆಯುವ ಸ್ಥಳವೊಂದಿದೆ: ತಾಲ್ಲೂಕು ಕಚೇರಿ ಹಾಗೂ ನ್ಯಾಯಾಲಯಗಳ ಎದುರಿನ ಜೆರಾಕ್ಸ್ ಅಂಗಡಿ. ಮುದ್ರಣ ಬೇಕಾದವರು ಅಂಗಡಿಯ ವಾಟ್ಸ್‌ಆಪ್ ಸಂಖ್ಯೆಗೆ ದಾಖಲೆ ಕಳುಹಿಸುತ್ತಾರೆ, ಇಲ್ಲವೇ ಅಲ್ಲಿನ ಗಣಕಯಂತ್ರದಲ್ಲಿಯೇ ತಮ್ಮ ಜಿಮೇಲ್ ತೆರೆಯುತ್ತಾರೆ. ಮುದ್ರಣ ಮುಗಿದ ಮೇಲೆ ಕಡತ ಆ ಯಂತ್ರದ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿಯುತ್ತದೆ. ಲಾಗೌಟ್ ಆಗದೆ ಎದ್ದು ಬಂದರಂತೂ ಇಡೀ ಡ್ರೈವ್ ಅಲ್ಲಿಯೇ ಉಳಿದಂತೆ. ಅಂಗಡಿಯವರದು ದುರುದ್ದೇಶ ಎಂದಲ್ಲ, ಸಾಲುಗಟ್ಟಿ ನಿಂತ ಗಿರಾಕಿಗಳ ನಡುವೆ ಅವರಿಗೆ ಅಳಿಸಲು ಪುರುಸೊತ್ತಿಲ್ಲ. ಮುದ್ರಣದ ನಂತರ ಎದುರಿಗೇ ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಖಾಸಗಿ ಕಿಟಕಿಯಲ್ಲಿ ಲಾಗಿನ್ ಆಗುವುದು ಇನ್ನೊಂದು ಉಪಾಯ.

ವಾಟ್ಸ್‌ಆಪ್ ಸಂದೇಶಗಳು 2016ರಿಂದಲೂ ಆದಿಯಿಂದ ಅಂತ್ಯದವರೆಗೆ ಗೂಢಲಿಪೀಕರಣಗೊಂಡಿವೆ. ದಾರಿಯಲ್ಲಿ ಯಾರೂ ಓದಲಾರರು ಎಂಬುದು ಇದರ ಅರ್ಥ. ತಲುಪಿದ ಮೇಲೆ ಆ ಫೋನಿನ ಗ್ಯಾಲರಿಯಲ್ಲಿ ಉಳಿಯುವ ಪ್ರತಿಗೆ ಈ ರಕ್ಷಣೆ ಇಲ್ಲ. ಕ್ಲೌಡ್ ಕೊಂಡಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಕೊಟ್ಟ ಅನುಮತಿಯನ್ನು ಹಿಂಪಡೆಯಬಹುದು. ‘ವೀಕ್ಷಕ’ ಎಂದಷ್ಟೇ ಅನುಮತಿ ಕೊಟ್ಟು, ಇಳಿಸಿಕೊಳ್ಳುವ ಮತ್ತು ಮುದ್ರಿಸುವ ಆಯ್ಕೆಯನ್ನು ತೆಗೆದುಹಾಕಬಹುದು. ತೆರೆಯ ಚಿತ್ರ ತೆಗೆಯುವವರನ್ನು ಅದು ತಡೆಯದು ಎಂಬುದು ತಿಳಿದಿರಲಿ. ‘ಸಂಪಾದಕ’ ಅನುಮತಿ ಪಡೆದವರು, ಮಾಲೀಕ ತಡೆಯದಿದ್ದರೆ, ಕಡತವನ್ನು ಇನ್ನೊಬ್ಬರಿಗೂ ಹಂಚಬಲ್ಲರು. ಕೊಂಡಿಗೆ ಅವಧಿ ನಿಗದಿಪಡಿಸುವ ಸೌಲಭ್ಯ ಬಹುತೇಕ ಹಣ ಕೊಟ್ಟು ಪಡೆವ ಖಾತೆಗಳಿಗೆ ಸೀಮಿತ. ಉಚಿತ ಖಾತೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ತಾವೇ ಮುಚ್ಚಬೇಕು.

ತೀರ ಸೂಕ್ಷ್ಮವಾದ ಕಡತವಾದರೆ ಅದನ್ನೇ ಪಾಸ್‌ವರ್ಡ್ ಹಾಕಿ ಮುಚ್ಚಿ ಕಳುಹಿಸುವುದು ವಿವೇಕ. ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು. ಕೊಂಡಿ ಇ-ಮೇಲ್‌ನಲ್ಲಿ ಹೋದರೆ ಪಾಸ್‌ವರ್ಡನ್ನು ದೂರವಾಣಿಯಲ್ಲಿ ಬಾಯಿಮಾತಿನಲ್ಲಿ ತಿಳಿಸಬೇಕು. ಎರಡನ್ನೂ ಒಂದೇ ಸಂದೇಶದಲ್ಲಿ ಬರೆಯುವವರು ಕಡಿಮೆಯೇನಿಲ್ಲ.

ಯಾರ ಖಾತೆ ಎಂಬ ಪ್ರಶ್ನೆ

ಸಣ್ಣ ಘಟಕಗಳಲ್ಲಿ ಸಂಸ್ಥೆಯ ಎಲ್ಲ ಕಡತಗಳೂ ಗುಮಾಸ್ತನ ಅಥವಾ ಮಾಲೀಕರ ಮಗನ ವೈಯಕ್ತಿಕ ಜಿಮೇಲ್‌ನಲ್ಲಿರುವುದು ಸಾಮಾನ್ಯ. ಗುಮಾಸ್ತ ಕೆಲಸ ಬಿಟ್ಟು ಪಕ್ಕದ ಗಿರಣಿಗೆ ಸೇರಿದರೆ ಆ ಡ್ರೈವ್ ಕೂಡ ಆತನೊಡನೆ ಹೋಗುತ್ತದೆ. ಆತ ಯಾರ್ಯಾರಿಗೆ ಏನೇನು ತೆರೆದಿಟ್ಟಿದ್ದ ಎಂಬುದನ್ನು ತಿಳಿಯುವ ದಾರಿಯೇ ಇರುವುದಿಲ್ಲ. ಕನಿಷ್ಠ ಸಂಸ್ಥೆಯ ಹೆಸರಿನಲ್ಲಿ ಒಂದು ಪ್ರತ್ಯೇಕ ಖಾತೆ ತೆರೆದು, ಎರಡು ಹಂತದ ದೃಢೀಕರಣವನ್ನು ಮಾಲೀಕರ ಫೋನಿಗೆ ಜೋಡಿಸಬೇಕು. ಸರ್ಕಾರವೂ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ 2022ರ ಜೂನ್‌ನಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿ, ಗೋಪ್ಯ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಮುಂತಾದ ಸರ್ಕಾರೇತರ ಸೇವೆಗಳಲ್ಲಿ ಇಡಬಾರದೆಂದು ಕೇಂದ್ರ ಸರ್ಕಾರಿ ನೌಕರರಿಗೆ ಸೂಚಿಸಿತ್ತು.

ಕಾನೂನು ಕೂಡ ಬಿಗಿಯಾಗುತ್ತಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡವು. ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಇತರರ ವೈಯಕ್ತಿಕ ವಿವರಗಳನ್ನು ಇಟ್ಟುಕೊಂಡವರು ಅವುಗಳಿಗೆ ತಕ್ಕ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆ ಗರಿಷ್ಠ ಮೊತ್ತ ಸಣ್ಣ ಗಿರಣಿಯವರ ಮೇಲೆ ಬೀಳುವ ಸಂಭವ ಕಡಿಮೆಯಾದರೂ, ಕೆಲಸಗಾರರ ಆಧಾರ್ ಪ್ರತಿಗಳನ್ನು ತೆರೆದ ಫೋಲ್ಡರಿನಲ್ಲಿಟ್ಟ ಮಾಲೀಕ ‘ನನಗೆ ತಿಳಿದಿರಲಿಲ್ಲ’ ಎಂದು ಪಾರಾಗುವುದು ಇನ್ನು ಕಷ್ಟ.

ಕೊಂಡಿ ತಪ್ಪಾದವರ ಕೈಸೇರಿದೆ ಎಂದು ತಿಳಿದರೆ ಮೊದಲು ಮಾಡಬೇಕಾದದ್ದು ಅನುಮತಿಯನ್ನು ರದ್ದುಪಡಿಸುವುದು. ಆಮೇಲೆ ಅದರಲ್ಲಿ ಯಾರ ವಿವರಗಳಿದ್ದವೋ ಅವರಿಗೆ ತಿಳಿಸಬೇಕು. ಮಾನಕ್ಕೆ ಅಂಜಿ ಮುಚ್ಚಿಟ್ಟರೆ ಖಾತೆಗೆ ಬೀಗ ಹಾಕಿಕೊಳ್ಳುವ ಅವಕಾಶ ಅವರಿಗೆ ತಪ್ಪುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಬಳ್ಳಾರಿಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಬೇಕು. ದೂರು ಕೊಡಲು ಹೋಗುವಾಗ ಬ್ಯಾಂಕಿನ ಸಂದೇಶಗಳನ್ನೂ, ಕೊಂಡಿ ಯಾರಿಗೆ ಯಾವಾಗ ಕಳುಹಿಸಿದಿರಿ ಎಂಬ ವಿವರವನ್ನೂ ಜೊತೆಗೆ ಒಯ್ಯಿರಿ.