ಹತ್ತೂಮುಕ್ಕಾಲಿನ ಮೆಸೇಜು

ರಾತ್ರಿ ಹತ್ತೂಮುಕ್ಕಾಲು. ದೀಪ ಆರಿಸಿ ಮಲಗಿದ್ದೀರಿ. ಫೋನ್ ಟಿಣ್ ಅಂತು. ಆಫೀಸ್ ಗ್ರೂಪು. "ನಾಳೆ ಬೆಳಿಗ್ಗೆ ಬೇಗ ಮಾತಾಡೋಣ." ಅಷ್ಟೇ.

ಈಗ ನಿಮ್ಮ ಭುಜ ನೋಡ್ಕೊಳ್ಳಿ. ಕಿವಿ ಹತ್ರ ಬಂದಿದೆ. ಹಲ್ಲು ಕಚ್ಚಿಕೊಂಡಿದ್ದೀರಿ. ಎದೆ ಡವಡವ.

ಓದಿದ್ದು ಕಣ್ಣು. ಆದ್ರೆ ಮೂತ್ರಪಿಂಡದ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿಗೂ ಸುದ್ದಿ ಮುಟ್ಟಾಯ್ತು. ಮೊದಲು ಅಡ್ರಿನಲಿನ್ ಅನ್ನೋ ಹಾರ್ಮೋನು, ಅದರ ಹಿಂದೇನೇ ಕಾರ್ಟಿಸಾಲ್. ರಕ್ತದಲ್ಲಿ ಸಕ್ಕರೆ ಏರ್ತು, ಹೊಟ್ಟೆ ಕೆಲಸ ನಿಧಾನ ಆಯ್ತು. ಹುಲಿ ಬಂದ್ರೆ ಓಡೋಕೆ ಇದು ಒಳ್ಳೇ ಏರ್ಪಾಡು. ಮ್ಯಾನೇಜರ್ ಬಂದ್ರೆ ಓಡೋಕಾಗಲ್ವಲ್ಲ!

ಹುಲಿ ಹೊರಟುಹೋಗುತ್ತೆ, ಮೆಸೇಜು ದಿನಾ ಬರುತ್ತೆ. ತೊಂದರೆ ಇರೋದೇ ಅಲ್ಲಿ: ಬಿಡದೆ ಕಾಡೋ ಒತ್ತಡ ಮೈಯನ್ನೇ ಕೆಡಿಸುತ್ತೆ. 1936ರಲ್ಲಿ ಹಾನ್ಸ್ ಸೆಲ್ಯೆ ಅನ್ನೋ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡಿದಾಗ, ಚಳಿಯೋ ಗಾಯವೋ, ಕಾರಣ ಏನೇ ಇದ್ರೂ ಅಡ್ರಿನಲ್ ಊದಿತ್ತು, ಹೊಟ್ಟೇಲಿ ಹುಣ್ಣಾಗಿತ್ತು.

"ಟೆನ್ಷನ್ ಮಾಡ್ಕೋಬೇಡಿ" ಅನ್ನೋದು ಇದೆಯಲ್ಲ, ಅಷ್ಟು ದಂಡದ ಮಾತು ಇನ್ನೊಂದಿಲ್ಲ. ಅದರ ಬದಲು ಉಸಿರು ನೋಡಿ. ಮೂಗಿನಿಂದ ನಾಲ್ಕು ಎಣಿಸೋವರೆಗೆ ಒಳಗೆ, ಆರು ಎಣಿಸ್ತಾ ನಿಧಾನಕ್ಕೆ ಹೊರಗೆ. ಉಸಿರು ಬಿಡುವಾಗ ವೇಗಸ್ ನರ ಹೃದಯದ ಓಟಕ್ಕೆ ಕಡಿವಾಣ ಹಾಕುತ್ತೆ. ಐದು ನಿಮಿಷ ಮಾಡಿ. ಮೀಟಿಂಗು ನಾಳೆ ಇದ್ದೇ ಇರುತ್ತೆ, ನಿದ್ದೆ ಮಾತ್ರ ನಿಮ್ಮದು.

ವಾರಗಟ್ಟಲೆ ಊಟ, ನಿದ್ದೆ ಎರಡೂ ಕೆಟ್ಟಿದ್ರೆ ಉಸಿರಾಟ ಒಂದನ್ನೇ ನಂಬಿ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.