ಗುಪ್ತಚರ ವೆಚ್ಚಕ್ಕೆ ಲೆಕ್ಕ ಕೇಳುವವರು ಯಾರು?

ಶಾಸನದ ಒಪ್ಪಿಗೆಯಿಲ್ಲದೆ ಬೊಕ್ಕಸದಿಂದ ಹಣ ತೆಗೆಯಕೂಡದೆಂದೂ, ಸಾರ್ವಜನಿಕ ಹಣದ ಜಮಾ-ಖರ್ಚನ್ನು ಕಾಲಕಾಲಕ್ಕೆ ಪ್ರಕಟಿಸಬೇಕೆಂದೂ ಅಮೆರಿಕದ ಸಂವಿಧಾನದ ಮೊದಲನೆಯ ವಿಧಿಯು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ 1949ರಲ್ಲಿ ಅಂಗೀಕರಿಸಿದ ಕಾಯ್ದೆಯೊಂದು ಕೇಂದ್ರೀಯ ಗುಪ್ತಚರ ಸಂಸ್ಥೆಗೆ, ಅಂದರೆ ಸಿಐಎಗೆ, ಇತರ ಇಲಾಖೆಗಳಿಂದ ಹಣ ವರ್ಗಾಯಿಸಿಕೊಳ್ಳುವ ಅಧಿಕಾರ ನೀಡಿದ್ದಲ್ಲದೆ, ಗೋಪ್ಯ ವೆಚ್ಚಕ್ಕೆ ರಸೀದಿ-ವೋಚರುಗಳ ಬದಲು ನಿರ್ದೇಶಕರ ಪ್ರಮಾಣಪತ್ರವೊಂದೇ ಸಾಕೆಂದಿತು. ಇದು ಸಂವಿಧಾನಕ್ಕೆ ವಿರುದ್ಧವೆಂದು ತೆರಿಗೆದಾರರೊಬ್ಬರು ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟು 1974ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತಳ್ಳಿಹಾಕಿತು. ತೆರಿಗೆದಾರನೆಂಬ ಮಾತ್ರಕ್ಕೆ ಹಾಗೆ ಕೇಳುವ ಹಕ್ಕು ಅವರಿಗಿಲ್ಲವೆಂದ ನ್ಯಾಯಾಲಯ, ಮೂಲ ಪ್ರಶ್ನೆಯ ಗೊಡವೆಗೇ ಹೋಗಲಿಲ್ಲ.

ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿಯು 1975ರಲ್ಲಿ ಗುಪ್ತಚರ ಸಂಸ್ಥೆಗಳ ಅಕ್ರಮಗಳನ್ನು ಬಯಲಿಗೆಳೆದ ಬಳಿಕ, 1976ರಲ್ಲಿ ಸೆನೆಟ್ಟಿನಲ್ಲೂ 1977ರಲ್ಲಿ ಕೆಳಮನೆಯಲ್ಲೂ ಸ್ಥಾಯಿ ಗುಪ್ತಚರ ಸಮಿತಿಗಳು ರಚನೆಯಾದವು. ಯಾವ ಕಾರ್ಯಕ್ರಮಕ್ಕೆ ಎಷ್ಟು ಹಣವೆಂಬ ವಿವರ ಗುಪ್ತಚರ ವೆಚ್ಚದ ಮಸೂದೆಯ ಜೊತೆಗಿರುವ ರಹಸ್ಯ ಅನುಬಂಧದಲ್ಲಿರುತ್ತದೆ. ಸದಸ್ಯರು ಅದನ್ನು ಕಾವಲಿರುವ ಕೋಣೆಯಲ್ಲಿ ಓದಬಹುದಾದರೂ, ಓದಿದ್ದನ್ನು ಹೊರಗೆ ಆಡುವಂತಿಲ್ಲ.

ಸಮಿತಿ ಇದ್ದ ಮಾತ್ರಕ್ಕೆ ಲೆಕ್ಕ ಸಿಕ್ಕಿತೆನ್ನಲಾಗದು. ಬೇಹು ಉಪಗ್ರಹಗಳನ್ನು ನೋಡಿಕೊಳ್ಳುವ, 1992ರವರೆಗೆ ಅಸ್ತಿತ್ವವನ್ನೇ ಸರ್ಕಾರ ಒಪ್ಪಿಕೊಳ್ಳದಿದ್ದ ರಾಷ್ಟ್ರೀಯ ವಿಚಕ್ಷಣ ಕಚೇರಿಯು ವರ್ಜೀನಿಯಾದಲ್ಲಿ 30 ಕೋಟಿ ಡಾಲರಿಗೂ ಮಿಕ್ಕಿದ ವೆಚ್ಚದಲ್ಲಿ ಕಟ್ಟಿಸುತ್ತಿದ್ದ ಕೇಂದ್ರ ಕಟ್ಟಡದ ಪೂರ್ಣ ಖರ್ಚು ತಮಗೆ ತಿಳಿದಿರಲಿಲ್ಲವೆಂದು ಸೆನೆಟ್ ಸಮಿತಿಯ ಸದಸ್ಯರೇ 1994ರಲ್ಲಿ ದೂರಿದರು. ಮರುವರ್ಷ ಅದೇ ಕಚೇರಿಯಲ್ಲಿ 100 ಕೋಟಿ ಡಾಲರಿಗೂ ಹೆಚ್ಚು ಹಣ ಖರ್ಚಾಗದೆ ಕೂಡಿಬಿದ್ದಿದ್ದುದು ಬೆಳಕಿಗೆ ಬಂತು. ಅನುದಾನ ಕೊಟ್ಟವರಿಗೇ ಅದರ ಗತಿ ತಿಳಿಯದಿದ್ದರೆ, ಅದನ್ನು ಮೇಲ್ವಿಚಾರಣೆಯೆಂದು ಕರೆಯುವುದು ಕಷ್ಟ.

ಒಟ್ಟು ಮೊತ್ತವನ್ನು ಹೇಳಿದರೂ ಶತ್ರುವಿಗೆ ಸುಳಿವು ಸಿಗುತ್ತದೆಂಬ ಹಳೆಯ ವಾದ 1997ರಲ್ಲಿ ಸಡಿಲವಾಯಿತು: ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಹೂಡಿದ ಮೊಕದ್ದಮೆಯ ಫಲವಾಗಿ ಆ ವರ್ಷದ ಗುಪ್ತಚರ ಮುಂಗಡಪತ್ರ 2,660 ಕೋಟಿ ಡಾಲರೆಂದು ಸರ್ಕಾರ ಪ್ರಕಟಿಸಿತು. ಸೆಪ್ಟೆಂಬರ್ 11ರ ದಾಳಿಯನ್ನು ತನಿಖೆ ಮಾಡಿದ ಆಯೋಗದ ಶಿಫಾರಸಿನಂತೆ 2007ರ ಕಾಯ್ದೆ ಇಂಥ ಪ್ರಕಟಣೆಯನ್ನು ವಾರ್ಷಿಕ ಕರ್ತವ್ಯವಾಗಿಸಿತು. ಆ ವರ್ಷದ ಮೊತ್ತ 4,350 ಕೋಟಿ ಡಾಲರ್. ವಿವರಗಳು ಗುಟ್ಟಾಗಿಯೇ ಉಳಿದಿದ್ದರೂ, ಹಣದ ಗಾತ್ರವನ್ನು ಪ್ರಶ್ನಿಸಲು ಪ್ರಜೆಗೆ ಕನಿಷ್ಠ ಆಧಾರವೊಂದು ದೊರೆತಿದೆ.

ಅಮೆರಿಕದಂತೆ ಭಾರತದಲ್ಲೂ ಗುಪ್ತಚರ ಸಂಸ್ಥೆಗಳನ್ನು ಸಂಸತ್ತಿನ ಮೇಲ್ವಿಚಾರಣೆಗೆ ಒಳಪಡಿಸಲೆಂದು ಸಂಸದ ಮನೀಶ್ ತಿವಾರಿ 2011ರಲ್ಲಿ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆ ಮಂಡಿಸಿದರು, ಆದರೆ ಅದು ಕಾಯ್ದೆಯಾಗಲಿಲ್ಲ.