ಹಳದಿ ಮೊದಲು, ಕೆಂಪು ಅನಂತರ

ಶುಭಾಶಯ ಪತ್ರದ ಮೇಲೆ ಶರತ್ಕಾಲದ ಮೇಪಲ್ ಎಲೆಯನ್ನು ಜಲವರ್ಣದಲ್ಲಿ ಬಿಡಿಸುವವರು ಮೊದಲು ಹಳದಿಯ ತೆಳುಲೇಪ ಹಚ್ಚಿ, ಅದು ಪೂರ್ತಿ ಒಣಗಿದ ಬಳಿಕ ಅದರ ಮೇಲೆ ಕೆಂಪನ್ನು ಎಳೆಯುವುದುಂಟು. ಬಣ್ಣಗಳು ಒಂದಕ್ಕೊಂದು ಕಲಸಿಹೋಗದಿರಲೆಂಬ ಕೈಕೆಲಸದ ಜಾಣ್ಮೆಯಾಗಿ ಕಾಣುವ ಈ ಕ್ರಮವು, ಅಮೆರಿಕದ ಈಶಾನ್ಯ ರಾಜ್ಯಗಳ ಕಾಡುಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ನಿಜವಾದ ಎಲೆಯು ಬಣ್ಣ ತಳೆಯುವ ಕ್ರಮವೂ ಹೌದು.

ಜಲವರ್ಣದಲ್ಲಿ ಹೊಳಪು ಹುಟ್ಟುವುದು ಕಾಗದದಿಂದ; ಪಾರದರ್ಶಕ ಬಣ್ಣದೊಳಗಿಂದ ಇಳಿದ ಬೆಳಕು ಬಿಳಿಯ ಹಾಳೆಗೆ ತಾಗಿ ಅದೇ ಬಣ್ಣದ ಮೂಲಕ ಮತ್ತೆ ಮೇಲೇರಿ ಕಣ್ಣನ್ನು ಸೇರುತ್ತದೆ. ಎಲೆಯಲ್ಲಿ ಈ ಹಾಳೆಯ ಕೆಲಸವನ್ನು ಮಾಡುವುದು ಗಾಳಿ. ಎಲೆಯ ಕೆಳ ಅರ್ಧದಲ್ಲಿ ಸಡಿಲವಾಗಿ ಜೋಡಣೆಗೊಂಡ ಜೀವಕೋಶಗಳ ನಡುವಿನ ಗಾಳಿಯ ಸಂದುಗಳು, ನೊರೆ ಬೆಳ್ಳಗೆ ಕಾಣುವ ಕಾರಣದಿಂದಲೇ, ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದುರಿಸಿ ಹಿಂದಿರುಗಿಸುತ್ತವೆ. ಈ ಬೆಳಕಿನ ದಾರಿಯಲ್ಲಿ ಕೆರೋಟಿನಾಯ್ಡ್ ಎಂಬ ಹಳದಿ-ಕಿತ್ತಳೆ ವರ್ಣದ್ರವ್ಯಗಳು ಕೋಶದೊಳಗಿನ ಪುಟ್ಟ ಕಣಗಳಲ್ಲಿ ಕುಳಿತಿದ್ದರೆ, ಆಂಥೋಸಯನಿನ್ ಎಂಬ ಕೆಂಪು ದ್ರವ್ಯವು ಕೋಶದ ನೀರಿನ ಚೀಲದಲ್ಲಿ, ಅಂದರೆ ರಸದಾನಿಯಲ್ಲಿ, ಕರಗಿರುತ್ತದೆ. ಈ ಕೆಂಪು ಬಹಳಷ್ಟು ಎಲೆಗಳಲ್ಲಿ ಮೇಲ್ಪದರದ ಕೋಶಗಳಲ್ಲಿಯೇ ಹೆಚ್ಚಾಗಿ ಸೇರುವುದರಿಂದ, ಉದುರಿದ ಎಲೆಯನ್ನು ಮಗುಚಿದಾಗ ಹಿಂಬದಿ ಮಾಸಲಾಗಿ ಕಾಣುತ್ತದೆ. ಮಡಚಿದ ಅಂಚನ್ನು ಚಿತ್ರಿಸುವಾಗ ನೆನಪಿಡಬೇಕಾದ ಸಂಗತಿ ಇದು.

ಹಳದಿಯು ಬೇಸಿಗೆಯಲ್ಲಿಯೂ ಎಲೆಯೊಳಗೆ ಇರುತ್ತದೆಂಬುದನ್ನು ಅತ್ಯಂತ ಸುಂದರವಾಗಿ ತೋರಿಸಿದವನು ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್. ವಾರ್ಸಾದಲ್ಲಿ ಕೆಲಸ ಮಾಡುತ್ತಿದ್ದ ಈತ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೇಲಿನಿಂದ ಹಸಿರೆಲೆಯ ಸಾರವನ್ನು ಹನಿಸಿದಾಗ, ಒಂದೇ ಹಸಿರೆಂದು ತೋರುತ್ತಿದ್ದ ದ್ರವವು ಹಸಿರು ಮತ್ತು ಹಳದಿಯ ಹಲವು ಪಟ್ಟಿಗಳಾಗಿ ಬೇರ್ಪಟ್ಟಿತು. 1906ರಲ್ಲಿ ಈ ವಿಧಾನಕ್ಕೆ ಆತನಿಟ್ಟ ಕ್ರೊಮಟೋಗ್ರಫಿ ಎಂಬ ಹೆಸರಿಗೆ ಬಣ್ಣದ ಬರಹವೆಂದು ಅರ್ಥ. ರಷ್ಯನ್ ಭಾಷೆಯಲ್ಲಿ ‘ತ್ಸ್ವೆತ್’ ಎಂದರೂ ಬಣ್ಣವೇ ಎಂಬುದು ಎಷ್ಟು ಚೆಲುವಾದ ಕಾಕತಾಳೀಯ!

ಎಲೆ ಉದುರುವ ಮುನ್ನ ಮರವು ಅದರಲ್ಲಿನ ಸಾರಜನಕವನ್ನು ಕೊಂಬೆಗಳಿಗೆ ಹಿಂದಕ್ಕೆ ಎಳೆದುಕೊಳ್ಳಬೇಕಾಗಿದ್ದು, ಆ ಕೆಲಸದ ಅಂಗವಾಗಿ ಹಸಿರು ಕೊಡುವ ಪತ್ರಹರಿತ್ತು ಒಡೆದುಹೋಗುತ್ತದೆ, ಮರೆಯಲ್ಲಿದ್ದ ಹಳದಿ ಬೆಳಕಿಗೆ ಬರುತ್ತದೆ. ಕೆಂಪು ಮಾತ್ರ ಹಾಗೆ ಅಡಗಿ ಕುಳಿತದ್ದಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯನ್ನು ಬಳಸಿ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಾಗುವಂಥದ್ದು. ಗಿಂಕ್ಗೊ ಎಂಬ ಮರದ ಎಲೆ ಈ ಕೆಂಪನ್ನು ತಯಾರಿಸದೆ ಅಪ್ಪಟ ಹಳದಿಯಲ್ಲಿಯೇ ಉದುರುತ್ತದೆ. ಹಿಮವೇ ಎಲೆಗಳಿಗೆ ಬಣ್ಣ ಬಳಿಯುತ್ತದೆಂಬ ಜನಪ್ರಿಯ ಮಾತನ್ನು ಒಪ್ಪಲಾಗದು, ಏಕೆಂದರೆ ಕೆಂಪಿಗೆ ಬೇಕಾದುದು ಬಿಸಿಲಿನ ಹಗಲು ಮತ್ತು ತಂಪಾದ ರಾತ್ರಿ. ಕಡುಹಿಮ ಬೇಗನೆ ಬಿದ್ದರೆ ಅದನ್ನು ತಯಾರಿಸಬೇಕಾದ ಕೋಶಗಳೇ ಸತ್ತುಹೋಗುತ್ತವೆ. ಮೇಪಲ್ ಕಾಣದ ಕರ್ನಾಟಕದ ಚಿತ್ರಕಾರರಿಗೆ ಬೀದಿಬದಿಯ ಕಾಡುಬಾದಾಮಿ ಮರದ, ಉದುರುವ ಮುನ್ನ ಕೆಂಪೇರುವ ಅಗಲವಾದ ಎಲೆಯು ಒಳ್ಳೆಯ ಮಾದರಿಯಾಗಬಲ್ಲದು.

ಹಲವು ಎಲೆಗಳಲ್ಲಿ ನರಗಳ ಅಕ್ಕಪಕ್ಕದ ಹಸಿರು ಎಲ್ಲಕ್ಕಿಂತ ತಡವಾಗಿ ಮಾಸುತ್ತದೆ. ಆದ್ದರಿಂದ ಹಳದಿ ಇನ್ನೂ ಹಸಿಯಾಗಿರುವಾಗಲೇ ನರದ ಗುಂಟ ತುಸು ಹಸಿರನ್ನು ಹರಿಯಬಿಟ್ಟು, ಮುಂದೆ ಹಚ್ಚುವ ಕೆಂಪನ್ನು ಅದರ ಅಂಚಿಗೆ ತಾಗುವ ಮೊದಲೇ ನಿಲ್ಲಿಸುವುದು ಲೇಸು. ತಾಗಿದಲ್ಲಿ ಎರಡೂ ಕೂಡಿ ಕಂದಾಗುತ್ತವೆ.